ಓದುಗರ ಪ್ರಶ್ನೆ: ಕಡಿಮೆ ಬಜೆಟ್ಟಿನ ಪ್ರಳಯ

ಟಿವಿಗೆಂದೇ ತೆಗೆದ ಸಣ್ಣ ಬಜೆಟ್ಟಿನ ಪರಿಸರ ದುರಂತದ ಸಿನಿಮಾಗಳ ಬಗ್ಗೆ ನಿಮಗೇನು ಅನ್ನಿಸುತ್ತದೆ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ಬಂದವು, ಜಾಸ್ತಿಯೇ ಬಂದವು. ಬೈದವರು ಹೆಚ್ಚು, ಮೆಚ್ಚಿದವರು ಕಡಿಮೆ, ಆದರೆ ಮೆಚ್ಚಿದವರು ತುಂಬ ಮನಸ್ಸಿಟ್ಟು ಬರೆದಿದ್ದಾರೆ. ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಸಮುದ್ರ ಉಕ್ಕಿ ಇಡೀ ನಗರ ಮುಳುಗುವ ಟಿವಿ ಸಿನಿಮಾ ನೋಡಿದೆ. ಅಲೆ ಬಂದಿದ್ದು ನೋಡಿದರೆ ಯಾರೋ ನೀಲಿ ಪ್ಲಾಸ್ಟಿಕ್ ಹಾಳೆ ಎಳೆದ ಹಾಗಿತ್ತು. ದುಡ್ಡಿಲ್ಲ ಅಂದಮೇಲೆ ಇಂಥ ಕಥೆಗೆ ಕೈ ಹಾಕೋದು ಯಾಕೆ?

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಅಲೆ ಮಾಡಿದವರ ಪರವಾಗಿ ಒಂದು ಮಾತು. ಗ್ರಾಫಿಕ್ಸ್ ಕೆಲಸದಲ್ಲಿ ನೀರಿನಷ್ಟು ಕಷ್ಟದ್ದು ಇನ್ನೊಂದಿಲ್ಲ. ಬೀಳುವ ಕಟ್ಟಡವನ್ನು ಹೇಗೋ ಮಾಡಿಬಿಡಬಹುದು. ನೀರು ಹಾಗಲ್ಲ. ಅದು ಒಡೆಯಬೇಕು, ನೊರೆಯಾಗಬೇಕು, ಬೆಳಕನ್ನು ಒಳಗೆ ಬಿಟ್ಟುಕೊಂಡು ಹೊರಗೂ ಚೆಲ್ಲಬೇಕು, ಅಡ್ಡ ಬಂದ ಕಂಬವನ್ನು ಸುತ್ತಿಕೊಂಡು ಹೋಗಬೇಕು. ಒಂದು ಸೆಕೆಂಡಿಗೆ 24 ಚಿತ್ರ, ಒಂದೊಂದು ಚಿತ್ರಕ್ಕೂ ಕಂಪ್ಯೂಟರು ಗಂಟೆಗಟ್ಟಲೆ ಲೆಕ್ಕ ಹಾಕಬೇಕಾಗಿ ಬರಬಹುದು. ಅಷ್ಟು ಸಮಯವೂ ದುಡ್ಡೂ ಇವರ ಹತ್ತಿರ ಇರುವುದಿಲ್ಲ.

ಅಲೆ ಚೆನ್ನಾಗಿಲ್ಲದಿದ್ದರೆ ನಾನು ಕ್ಷಮಿಸುತ್ತೇನೆ. ಅಸಡ್ಡೆಯನ್ನು ಕ್ಷಮಿಸುವುದು ಕಷ್ಟ. ಒಂದು ಸಿನಿಮಾದಲ್ಲಿ ಮೊದಲ ಅಲೆ ಬಂದಾಗ ಎಡಗಡೆ ಒಂದು ಕೆಂಪು ಕಾರು ನಿಂತಿತ್ತು. ಇಪ್ಪತ್ತು ನಿಮಿಷ ಕಳೆದು ಎರಡನೇ ಅಲೆ ಬಂತು, ಅದೇ ಕಾರು ಬಲಗಡೆ ನಿಂತಿದೆ! ಅದೇ ಶಾಟನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹಾಕಿದ್ದಾರೆ. ಸಾವಿರಾರು ಜನ ಸತ್ತರು ಅಂತ ಪಾತ್ರಗಳು ಅಳುತ್ತಿವೆ, ನಾನು ಕಾರು ನೋಡುತ್ತಾ ಕೂತಿದ್ದೇನೆ. ಅಲ್ಲಿಂದ ಆಚೆಗೆ ನನಗೆ ಕಥೆ ಹಿಡಿಸಲೇ ಇಲ್ಲ.

ಅದೇ ಸಿನಿಮಾದಲ್ಲಿ ಇನ್ನೊಂದು ಸೀನ್ ಇತ್ತು. ರಾತ್ರಿ, ಮನೆಯೊಳಗೆ ಒಬ್ಬ ಮುದುಕಿ. ಬಾಗಿಲ ಕೆಳಗಿನ ಸಂದಿಯಿಂದ ಸ್ವಲ್ಪ ಸ್ವಲ್ಪವೇ ನೀರು ಒಳಗೆ ಬರುತ್ತದೆ. ಕಾಲೊರೆಸುವ ಚಾಪೆ ಮೆಲ್ಲಗೆ ತೇಲುತ್ತದೆ. ಆಕೆ ಬಾಗಿಲಿಗೆ ಅಂಗೈ ಇಟ್ಟು ಸರಕ್ಕನೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಆಚೆ ಕಡೆ ಎಷ್ಟು ಎತ್ತರ ನೀರಿದೆ ಅಂತ ಅವಳಿಗೆ ಗೊತ್ತಾಗಿದೆ. ಇದಕ್ಕೆ ಎಷ್ಟು ಖರ್ಚಾಗಿರುತ್ತದೆ ಹೇಳಿ? ಎರಡು ಬಕೆಟ್ ನೀರು ಮತ್ತು ಒಬ್ಬ ಒಳ್ಳೆಯ ನಟಿ. ಇಂಥ ಸಿನಿಮಾ ಯಾಕೆ ತೆಗೆಯಬೇಕು ಅಂದರೆ ಇಂಥ ಸೀನಿಗಾಗಿ ತೆಗೆಯಬೇಕು.

ಪ್ರಶ್ನೆ: ಎಲ್ಲ ಸಿನಿಮಾದಲ್ಲೂ ಒಂದು ಕಂಟ್ರೋಲ್ ರೂಮ್, ಅಲ್ಲೊಬ್ಬ ವಿಜ್ಞಾನಿ, ಅವನ ಮಾತು ಕೇಳದ ಒಬ್ಬ ಅಧಿಕಾರಿ. ಇವರಿಗೆ ಬೇರೆ ಕಥೆಯೇ ಗೊತ್ತಿಲ್ವಾ?

ಕಂಟ್ರೋಲ್ ರೂಮ್ ಬರುವುದು ಖರ್ಚಿನ ಲೆಕ್ಕದಿಂದ. ಒಂದೇ ಕೋಣೆ, ಹತ್ತು ಪರದೆ, ಎರಡು ದಿನದಲ್ಲಿ ಶೂಟಿಂಗ್ ಮುಗಿಯುತ್ತದೆ. ಹೊರಗೆ ಓಡುವ ನಾಯಕನೂ ಒಳಗಿರುವ ವಿಜ್ಞಾನಿಯೂ ಫೋನಿನಲ್ಲೇ ಮಾತಾಡುತ್ತಾರೆ, ಗಮನಿಸಿದ್ದೀರಾ? ಹಾಗೆ ಮಾಡಿದರೆ ಇಬ್ಬರು ನಟರು ಒಂದೇ ದಿನ ಒಂದೇ ಜಾಗಕ್ಕೆ ಬರಬೇಕಾಗಿಲ್ಲ. ಎರಡು ಮೂರು ವಾರದಲ್ಲಿ ಇಡೀ ಸಿನಿಮಾ ಮುಗಿಸುವವರಿಗೆ ಇದು ದೊಡ್ಡ ಅನುಕೂಲ.

ಇನ್ನೊಂದು ಕಾರಣ ಜಾಹೀರಾತು. ಚಾನೆಲ್ಲಿನ ಎರಡು ಗಂಟೆಯ ಅವಧಿಯಲ್ಲಿ ಸಿನಿಮಾ ಸಿಗುವುದು ಸುಮಾರು ಒಂದೂವರೆ ಗಂಟೆ. ಪ್ರತಿ ಬಿಡುವಿಗೂ ಮೊದಲು ಏನಾದರೂ ಬೀಳಬೇಕು, ಸಿಡಿಯಬೇಕು, ಇಲ್ಲದಿದ್ದರೆ ನೋಡುವವರು ಚಾನೆಲ್ ಬದಲಿಸಿಬಿಡುತ್ತಾರೆ. ಜಾಹೀರಾತಿಲ್ಲದೆ ಅದನ್ನೇ ನೋಡಿದರೆ, ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಸುಮ್ನೆ ಕಿರುಚಿ ಕತ್ತಲಾಗುವ ವಿಚಿತ್ರ ವಸ್ತುವಾಗಿ ಕಾಣುತ್ತದೆ.

ಮಾತು ಕೇಳದ ಆ ಅಧಿಕಾರಿಯ ಬಗ್ಗೆ ಮಾತ್ರ ನನಗೂ ತಕರಾರಿದೆ. ಒಬ್ಬ ಕೆಟ್ಟವನನ್ನು ತೋರಿಸಿ ಕೈ ತೊಳೆದುಕೊಳ್ಳುವುದು ಸುಲಭ. ನಿಜವಾದ ದುರಂತಗಳಲ್ಲಿ ಎಷ್ಟೋ ಸಲ ಅಂಥ ಒಬ್ಬ ಸಿಗುವುದೇ ಇಲ್ಲ. ಎಚ್ಚರಿಕೆಯ ಕಾಗದ ಹತ್ತು ಮೇಜು ದಾಟುತ್ತದೆ, ಪ್ರತಿ ಮೇಜಿನಲ್ಲೂ ಒಂದೊಂದು ದಿನ ಕೂರುತ್ತದೆ. ಆ ಹತ್ತು ಮೇಜನ್ನು ತೋರಿಸುವುದಕ್ಕೂ ದುಡ್ಡು ಬೇಕಾಗಿಲ್ಲ.

ಪ್ರಶ್ನೆ: ಮೇಲಿನ ಆಕಾಶದಿಂದ ಕೊರೆಯುವ ಗಾಳಿ ಇಳಿದು ಹತ್ತೇ ನಿಮಿಷದಲ್ಲಿ ಊರಿಗೆ ಊರೇ ಹೆಪ್ಪುಗಟ್ಟುತ್ತದೆ ಅಂತ ತೋರಿಸಿದರು. ಹೀಗೆ ಆಗೋದಕ್ಕೆ ಸಾಧ್ಯನಾ?

ಇಲ್ಲ. ಆಗುವುದು ಇದರ ತಿರುವುಮುರುವು. ಹತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಮೈನಸ್ 50 ಡಿಗ್ರಿ ಆಸುಪಾಸು ತಣ್ಣಗಿರುತ್ತದೆ, ಅದು ನಿಜ. ಆದರೆ ಕೆಳಗಿಳಿಯುತ್ತಾ ಹೋದ ಹಾಗೆ ಸುತ್ತಲಿನ ಒತ್ತಡ ಹೆಚ್ಚಿ ಅದು ಕುಗ್ಗುತ್ತದೆ, ಕುಗ್ಗಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುತ್ತದಲ್ಲ, ಹಾಗೆ. ಒಣಗಾಳಿ ಒಂದು ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ ಏರುತ್ತದೆ. ಲೆಕ್ಕ ಹಾಕಿ ನೋಡಿ, ಆ ಗಾಳಿ ನೆಲ ಮುಟ್ಟುವ ಹೊತ್ತಿಗೆ 50 ಡಿಗ್ರಿಯ ಹತ್ತಿರ ಸುಡುತ್ತಿರುತ್ತದೆ.

ಇಂಥ ಕಥೆಗಳ ಹಿಂದೆ ನಿಜವಾದ ಒಂದು ಚಿಂತೆ ಇದೆ. ಅಟ್ಲಾಂಟಿಕ್ ಸಾಗರದಲ್ಲಿ ಬಿಸಿನೀರನ್ನು ಉತ್ತರಕ್ಕೆ ಸಾಗಿಸುವ ದೊಡ್ಡ ಪ್ರವಾಹವೊಂದಿದೆ. ಹಿಮ ಕರಗಿ ಸಿಹಿನೀರು ಸೇರುತ್ತಾ ಹೋದರೆ ಅದು ದುರ್ಬಲವಾಗಬಹುದು ಅಂತ ವಿಜ್ಞಾನಿಗಳು ನಿಜಕ್ಕೂ ತಲೆ ಕೆಡಿಸಿಕೊಂಡಿದ್ದಾರೆ. ಆದರೆ ಅದು ಹತ್ತಾರು ವರ್ಷಗಳ ಲೆಕ್ಕ. ಸಿನಿಮಾದವರು ಆ ವರ್ಷಗಳನ್ನು ಹಿಂಡಿ ಹತ್ತು ನಿಮಿಷ ಮಾಡಿದರು. ಹಾಗೆ ಮಾಡಿದಾಗ ನೋಡಿದವನಿಗೆ ಮೂಲ ಚಿಂತೆಯೂ ಸುಳ್ಳು ಅನ್ನಿಸಿಬಿಡುತ್ತದೆ. ನನಗೆ ನೋವಾಗುವುದು ಅಲ್ಲಿ.

ಪ್ರಶ್ನೆ: ಸಿನಿಮಾದ ಹೆಸರಲ್ಲೇ ಸುಳ್ಳಿದ್ದರೆ ಏನು ಮಾಡೋದು? 10.5 ತೀವ್ರತೆಯ ಭೂಕಂಪ, ಆರನೇ ದರ್ಜೆಯ ಚಂಡಮಾರುತ... ಇವೆಲ್ಲ ಇಲ್ಲವೇ ಇಲ್ಲ ಅಂತಾರೆ.

ಎರಡೂ 2004ರಲ್ಲಿ ಅಮೆರಿಕದ ಟಿವಿಯಲ್ಲಿ ಬಂದವು, ಎರಡಕ್ಕೂ ಬೇರೆ ಬೇರೆ ಉತ್ತರ ಕೊಡಬೇಕು.

ಭೂಕಂಪದ್ದು ಆಗದ ಮಾತು. ಇದುವರೆಗೆ ಅಳೆದಿರುವುದರಲ್ಲಿ ಅತಿ ದೊಡ್ಡದು 1960ರ ಮೇ 22ರಂದು ಚಿಲಿಯಲ್ಲಿ ಆದದ್ದು, 9.5. ತೀವ್ರತೆ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಅಂದರೆ 10.5 ಅಂದರೆ ಅಂಥ 32 ಚಿಲಿಗಳು ಒಟ್ಟಿಗೆ. ಅಷ್ಟು ಶಕ್ತಿ ಬರಬೇಕಾದರೆ ಬಿರುಕೂ ಅಷ್ಟು ಉದ್ದ ಇರಬೇಕು, ಅಷ್ಟು ಉದ್ದದ ಬಿರುಕು ಭೂಮಿಯ ಮೇಲೆ ಇಲ್ಲ. ಇಂಥ ಸಿನಿಮಾಗಳಲ್ಲಿ ತೋರಿಸುವ ಹಾಗೆ ಕ್ಯಾಲಿಫೋರ್ನಿಯಾ ಕಳಚಿ ಸಮುದ್ರಕ್ಕೆ ಬೀಳುವುದೂ ಇಲ್ಲ. ಅಲ್ಲಿನ ಸ್ಯಾನ್ ಆಂಡ್ರಿಯಾಸ್ ಬಿರುಕಿನ ಎರಡು ಪಕ್ಕಗಳು ಒಂದನ್ನೊಂದು ಉಜ್ಜಿಕೊಂಡು ಅಡ್ಡಡ್ಡ ಸರಿಯುತ್ತವೆ, ಹೆಚ್ಚುಕಡಿಮೆ ನಮ್ಮ ಉಗುರು ಬೆಳೆಯುವ ವೇಗದಲ್ಲಿ.

ಚಂಡಮಾರುತದ ವಿಷಯ ಬೇರೆ. ಅಮೆರಿಕದವರು ಬಳಸುವ ಪಟ್ಟಿಯಲ್ಲಿ ಐದೇ ದರ್ಜೆ. ಗಂಟೆಗೆ 252 ಕಿಲೋಮೀಟರ್ ಮುಟ್ಟಿದರೆ ಐದನೆಯದು, ಅದರ ಮೇಲೆ ಎಷ್ಟಾದರೂ ಐದೇ. 2004ರಲ್ಲಿ ಆ ಹೆಸರು ಕೇಳಿ ನಕ್ಕವರು ಬಹಳ. ಆಮೇಲೆ 2013ರಲ್ಲಿ ಹೈಯಾನ್ ಬಂತು, 2015ರಲ್ಲಿ ಪೆಟ್ರೀಷಿಯಾ ಬಂತು, ಅದರ ಗಾಳಿ ಗಂಟೆಗೆ 340 ಕಿಲೋಮೀಟರ್ ದಾಟಿತ್ತು. ಸಮುದ್ರ ಬಿಸಿಯಾಗುತ್ತಿರುವುದರಿಂದ ಐದು ಸಾಲದೇ ಬರಬಹುದು ಅಂತ 2024ರಲ್ಲಿ ಇಬ್ಬರು ವಿಜ್ಞಾನಿಗಳು ಪ್ರಬಂಧ ಬರೆದರು, ಆರನೇ ದರ್ಜೆ ಇದ್ದರೆ ಅದು ಎಲ್ಲಿಂದ ಶುರುವಾಗಬೇಕು ಅಂತ ಲೆಕ್ಕ ಕೊಟ್ಟರು. ಪಟ್ಟಿ ಬದಲಾಗಿಲ್ಲ. ಆದರೂ ಆ ಹೆಸರನ್ನು ಈಗ ಓದಿದರೆ ನನಗೆ ನಗು ಬರುವುದಿಲ್ಲ.

ಪ್ರಶ್ನೆ: ನನಗೆ ಇಂಥ ಸಿನಿಮಾ ಇಷ್ಟ. ಸ್ನೇಹಿತರು ಆಡಿಕೊಳ್ಳುತ್ತಾರೆ. ನನ್ನ ಅಭಿರುಚಿಯೇ ಸರಿಯಿಲ್ವಾ?

ಸರಿಯಾಗಿಯೇ ಇದೆ. ನೋಡಿ, ಮೆಚ್ಚಿಕೊಳ್ಳಿ. ಯಾವ ಸೀನಿನಲ್ಲಿ ಎದೆ ಝಲ್ ಅಂದಿತು ಅಂತ ನೆನಪಿಟ್ಟುಕೊಂಡು ಅವರಿಗೂ ಹೇಳಿ.

ಪ್ರಶ್ನೆ: ಒಂಬತ್ತು ವರ್ಷದ ಮಗಳ ಜೊತೆ ಬಿರುಗಾಳಿಯ ಸಿನಿಮಾ ನೋಡಿದೆ. ಗ್ರಾಫಿಕ್ಸ್ ನೋಡಿ ನಾನು ನಕ್ಕೆ. ಅವಳು ಮಾತ್ರ ಅವತ್ತಿಂದ ಗಾಳಿ ಬೀಸಿದರೆ ನನ್ನ ಹಾಸಿಗೆಗೆ ಬರುತ್ತಾಳೆ. ತಪ್ಪು ಮಾಡಿದೆನಾ?

ತಪ್ಪು ಅನ್ನಬೇಡಿ ತಾಯಿ. ನಿಮ್ಮ ಕಣ್ಣಿಗೆ ಗ್ರಾಫಿಕ್ಸ್ ಕಂಡಿತು, ಅವಳ ಕಣ್ಣಿಗೆ ಅಮ್ಮನ ಕೈ ತಪ್ಪಿಸಿಕೊಂಡ ಮಗು ಕಂಡಿತು. ಮಕ್ಕಳಿಗೆ ಅಲೆ, ಗಾಳಿ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅನ್ನುವುದು ಮುಖ್ಯವೇ ಅಲ್ಲ.

'ಅಯ್ಯೋ, ಅದು ಬರೀ ಸಿನಿಮಾ' ಅಂತ ಮಾತ್ರ ಹೇಳಬೇಡಿ. ಬಿರುಗಾಳಿ ನಿಜವಾಗಿಯೂ ಬರುತ್ತದೆ ಅಂತ ಅವಳಿಗೂ ಗೊತ್ತು, ನೀವು ಹಾಗಂದರೆ ಆಮೇಲೆ ನಿಮ್ಮನ್ನು ಕೇಳುವುದನ್ನೇ ಬಿಡುತ್ತಾಳೆ. ಯಾವುದು ಅವಳಿಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು ಅಂತ ಕೇಳಿ, ಪೂರ್ತಿ ಹೇಳಲು ಬಿಡಿ. ಆಮೇಲೆ ನಿಜವಾಗಿ ಹೇಗೆ ನಡೆಯುತ್ತದೆ ಹೇಳಿ. ಉಪಗ್ರಹ ದಿನಗಟ್ಟಲೆ ಮೊದಲೇ ಚಂಡಮಾರುತವನ್ನು ನೋಡಿರುತ್ತದೆ, ಜನರನ್ನು ಮೊದಲೇ ಕರೆದುಕೊಂಡು ಹೋಗುತ್ತಾರೆ. ಮನೆಯಲ್ಲಿ ಗಟ್ಟಿಯಾದ ಒಳಕೋಣೆ ಯಾವುದು ಅಂತ ಅವಳನ್ನೇ ಹುಡುಕಲು ಬಿಡಿ, ಟಾರ್ಚ್ ಎಲ್ಲಿಡಬೇಕು ಅಂತ ಅವಳೇ ತೀರ್ಮಾನಿಸಲಿ. ಏನು ಮಾಡಬೇಕು ಅಂತ ಗೊತ್ತಾದರೆ ಹೆದರಿಕೆ ಅರ್ಧ ಇಳಿಯುತ್ತದೆ. ಕೆಲವು ದಿನ ನಿಮ್ಮ ಹಾಸಿಗೆಗೆ ಬಂದರೆ ಬರಲಿ ಬಿಡಿ.

ಪ್ರಶ್ನೆ: ಒಂದು ಸಿನಿಮಾದಲ್ಲಿ ನಿಜವಾದ ಪ್ರವಾಹದ ಸುದ್ದಿ ದೃಶ್ಯಗಳನ್ನೇ ಹಾಕಿದ್ದರು. ಉಳಿತಾಯಕ್ಕೆ ಅದೂ ಒಂದು ದಾರಿ ಅಲ್ವಾ?

ದಾರಿ ಹೌದು, ಎಲ್ಲರೂ ಹಿಡಿಯುವ ದಾರಿ. ಮುರಿದ ಸೇತುವೆ, ಕೊಚ್ಚಿ ಹೋದ ರಸ್ತೆ ತೋರಿಸಿದರೆ ನನ್ನ ಅಡ್ಡಿಯಿಲ್ಲ. ಆದರೆ ಆ ದೃಶ್ಯದಲ್ಲಿ ಮನೆಯ ಮೇಲೆ ನಿಂತು ಕೈ ಬೀಸುವ ಒಬ್ಬ ಮನುಷ್ಯನಿದ್ದರೆ, ಅವನು ನಟನಲ್ಲ. ಅವನು ಬದುಕಿದನೋ ಇಲ್ಲವೋ ಸಿನಿಮಾ ಹೇಳುವುದಿಲ್ಲ, ಎರಡೇ ಸೆಕೆಂಡಿಗೆ ನಾಯಕನ ಮುಖಕ್ಕೆ ಬಂದುಬಿಡುತ್ತದೆ. ಅವನ ಮನೆಯವರು ಎಲ್ಲೋ ಕೂತು ಇದನ್ನು ನೋಡುತ್ತಿದ್ದರೆ? ಪ್ಲಾಸ್ಟಿಕ್ ಹಾಳೆಯಂಥ ಅಲೆಯೇ ಇದಕ್ಕಿಂತ ವಾಸಿ.

ಪ್ರಶ್ನೆ: ಇಂಥದ್ದನ್ನು ನೋಡಿ ಯಾರಾದರೂ ಬದಲಾಗಿದ್ದಾರಾ?

ಆಗಿದ್ದಾರೆ. ಅಣುಯುದ್ಧದ ಮೇಲೆ 1983ರ ನವೆಂಬರ್ 20ರಂದು ಅಮೆರಿಕದ ಟಿವಿಯಲ್ಲಿ ಬಂದ 'ದಿ ಡೇ ಆಫ್ಟರ್' ಅನ್ನು ಸುಮಾರು ಹತ್ತು ಕೋಟಿ ಜನ ನೋಡಿದರು. ಅಧ್ಯಕ್ಷ ರೇಗನ್ ಪ್ರಸಾರಕ್ಕೂ ಮೊದಲೇ ಅದನ್ನು ನೋಡಿ, ಮನಸ್ಸು ತುಂಬ ಕುಗ್ಗಿಹೋಯಿತು ಅಂತ ತಮ್ಮ ದಿನಚರಿಯಲ್ಲಿ ಬರೆದುಕೊಂಡರು.

ನನಗೆ ಅದಕ್ಕಿಂತಲೂ ಹತ್ತಿರವಾದದ್ದು ಮರುವರ್ಷ ಬಿಬಿಸಿಯಲ್ಲಿ ಬಂದ 'ಥ್ರೆಡ್ಸ್'. ಸಣ್ಣ ಬಜೆಟ್ಟು. ಬ್ರಿಟನ್ನಿನ ಶೆಫೀಲ್ಡ್ ಅನ್ನುವ ಕೈಗಾರಿಕಾ ನಗರ, ಮದುವೆಗೆ ತಯಾರಾಗುತ್ತಿರುವ ಇಬ್ಬರು. ಹೊಸ ಮನೆಯ ಗೋಡೆ ಕೆರೆದು ಸರಿ ಮಾಡುತ್ತಿರುತ್ತಾರೆ, ಹಿಂದೆ ರೇಡಿಯೊ, ಟಿವಿಯಲ್ಲಿ ಯುದ್ಧದ ಸುದ್ದಿ ಬರುತ್ತಿರುತ್ತದೆ, ಅವರು ಸರಿಯಾಗಿ ಕೇಳಿಸಿಕೊಳ್ಳುವುದೂ ಇಲ್ಲ. ಬಾಂಬು ಬೀಳುವ ಹೊತ್ತಿಗೆ ಆ ಇಬ್ಬರೂ ನಮಗೆ ಬೇಕಾದವರಾಗಿರುತ್ತಾರೆ. ಆಮೇಲೆ ಹೊಗೆ, ಮಸಿ ಸೂರ್ಯನನ್ನು ಮುಚ್ಚಿ ಬೆಳೆ ಬಾರದೆ ಹೋಗುವುದು, ವರ್ಷಗಟ್ಟಲೆ ಎಳೆಯುವ ಹಸಿವು, ಇದನ್ನೂ ಬಿಡದೆ ತೋರಿಸುತ್ತದೆ. ಉಳಿದ ಸಿನಿಮಾಗಳು ನಾಯಕ ಕುಟುಂಬವನ್ನು ತಬ್ಬಿಕೊಂಡ ತಕ್ಷಣ ಮುಗಿಯುತ್ತವೆ. ಇದು ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಗಟ್ಟಿ ಮನಸ್ಸಿದ್ದರೆ ಮಾತ್ರ ನೋಡಿ, ಮಕ್ಕಳಿಗೆ ಬೇಡವೇ ಬೇಡ.

ಪ್ರಶ್ನೆ: ನಿಮ್ಮ ಕೈಗೆ ಸಣ್ಣ ಬಜೆಟ್ ಕೊಟ್ಟು ಒಂದು ಪರಿಸರ ದುರಂತದ ಸಿನಿಮಾ ಮಾಡಿ ಅಂದರೆ ಯಾವ ಕಥೆ ತೆಗೆದುಕೊಳ್ಳುತ್ತೀರಿ?

ನ್ಯೋಸ್ ಸರೋವರದ ಕಥೆ. ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು ಅದು. ನೆಲದಾಳದಿಂದ ಇಂಗಾಲದ ಡೈಆಕ್ಸೈಡ್ ಒಸರಿ ಸರೋವರದ ತಳದ ನೀರಿನಲ್ಲಿ ಕರಗಿ ಕೂತಿತ್ತು, ಮುಚ್ಚಳ ಹಾಕಿದ ಸೋಡಾ ಬಾಟಲಿಯ ಹಾಗೆ. 1986ರ ಆಗಸ್ಟ್ 21ರ ರಾತ್ರಿ ಆ ಮುಚ್ಚಳ ಹಾರಿತು. ಗಾಳಿಗಿಂತ ಭಾರವಾದ ಆ ಅನಿಲ ಕಣಿವೆಗಳಲ್ಲಿ ನೀರಿನಂತೆ ಹರಿದು ಇಳಿಯಿತು. 25 ಕಿಲೋಮೀಟರ್ ದೂರದವರೆಗೂ ಜನ ಸತ್ತರು, ಒಟ್ಟು 1,700ಕ್ಕೂ ಹೆಚ್ಚು. ದನಕರು ಸಾವಿರಾರು.

ಇದಕ್ಕೆ ಗ್ರಾಫಿಕ್ಸೇ ಬೇಡ, ಕೊಲ್ಲುವ ವಸ್ತು ಕಣ್ಣಿಗೆ ಕಾಣುವುದೇ ಇಲ್ಲ. ಒಂದು ಮನೆ, ಊಟ ಮುಗಿದಿದೆ, ಯಾರೋ ಮಾತಾಡುತ್ತಿದ್ದಾರೆ, ದೀಪ ತಾನಾಗಿ ಆರುತ್ತದೆ. ಅಷ್ಟು ಸಾಕು. ಮಾರನೇ ದಿನ ಎಚ್ಚರವಾದವನೊಬ್ಬ ಪಕ್ಕದಲ್ಲಿ ಮಲಗಿದವರನ್ನು ಅಲುಗಿಸುತ್ತಾನೆ. ಹೊರಗೆ ಬರುತ್ತಾನೆ. ಮನೆಗಳೆಲ್ಲ ಹಾಗೇ ನಿಂತಿವೆ, ಒಂದು ಗೋಡೆಯೂ ಬಿದ್ದಿಲ್ಲ. ಹಕ್ಕಿಯ ಸದ್ದಿಲ್ಲ. ಸತ್ತ ದನಗಳ ಮೇಲೆ ನೊಣ ಕೂಡ ಇಲ್ಲ, ಯಾಕೆಂದರೆ ನೊಣಗಳೂ ಸತ್ತಿವೆ.

2001ರಲ್ಲಿ ಆ ಸರೋವರದ ತಳಕ್ಕೆ ಉದ್ದನೆಯ ಪೈಪು ಇಳಿಸಿದರು. ಮೊದಲು ಒಂದಿಷ್ಟು ನೀರನ್ನು ಪಂಪಿನಿಂದ ಮೇಲೆತ್ತಿದರೆ ಸಾಕು, ಆಮೇಲೆ ಅನಿಲವೇ ನೀರನ್ನು ತಳ್ಳಿಕೊಂಡು ಬಂದು ಕಾರಂಜಿಯಾಗಿ ಚಿಮ್ಮುತ್ತದೆ, ಅಷ್ಟಷ್ಟೇ ಖಾಲಿಯಾಗುತ್ತದೆ. ನನ್ನ ಸಿನಿಮಾದ ಕೊನೆಯ ಶಾಟ್ ಅದು. ಬಿಳಿ ಕಾರಂಜಿ, ದಡದಲ್ಲಿ ಅದನ್ನು ನೋಡುತ್ತಾ ಕೂತ, ಅವತ್ತು ಬೆಳಗ್ಗೆ ಎಚ್ಚರವಾದ ಆ ಮನುಷ್ಯ. ಅವತ್ತಿಗಿಂತ ಈಗ ಹದಿನೈದು ವರ್ಷ ಹೆಚ್ಚು ವಯಸ್ಸಾಗಿದೆ ಅವನಿಗೆ.