ಹತ್ತು ಕಂತಿನ ಕಾರ್ಟೂನ್ ಬರೆದಿಟ್ಟಿದ್ದೇನೆ, ಯೂಟ್ಯೂಬ್‌ಗೆ ಹಾಕಲೋ ಸ್ಟುಡಿಯೋಗೆ ತೋರಿಸಲೋ?

ಹತ್ತು ಕಂತಿನ ಯುದ್ಧದ ಕಥೆ ಸಿದ್ಧ ಅಂತ ಬರೆದಿದ್ದೀರಿ. ನಾಯಕನ ಮೈಮೇಲೆ ಕವಚ, ಬೆನ್ನ ಹಿಂದೆ ಹಾರಾಡುವ ಮೇಲಂಗಿ, ಜೊತೆಗೆ ಆರು ಜನ ಗೆಳೆಯರು. ಮೊದಲ ಕಂತು ಮುಗಿಸಲು ಕೆಲಸ ಬಿಡುವ ಯೋಚನೆ ಬೇರೆ. ಆ ಮೇಲಂಗಿಯ ಸಾಲು ಓದಿದ ಕೂಡಲೇ ನನ್ನ ಕಾರ್ಟೂನಿನ ಅಜ್ಜಿ ಹೊದ್ದಿದ್ದ ಚೌಕಳಿ ಶಾಲು ಕಣ್ಮುಂದೆ ಬಂತು. ಯೂಟ್ಯೂಬೋ ಸ್ಟುಡಿಯೋನೋ ಅನ್ನೋದಕ್ಕೆ ಆಮೇಲೆ ಬರುತ್ತೇನೆ.

ನನ್ನ ಅಜ್ಜಿ ಗಡಿಯಾರ ರಿಪೇರಿ ಮಾಡುವವಳು. ಕಿವಿ ಸ್ವಲ್ಪ ಮಂದ. ಅವಳ ಮೇಜಿನ ಮೇಲೊಂದು ಹಲ್ಲಿ, ಅದಕ್ಕೆ ಮಾತು ಬರುತ್ತದೆ. ರಿಪೇರಿಗೆ ಬಂದ ಪ್ರತಿ ಗಡಿಯಾರದ ಹಿಂದೆ ಯಾರದೋ ಬದುಕು. ಹಲ್ಲಿ ಅದನ್ನು ಊಹಿಸಿ ಹೇಳುತ್ತದೆ, ಅಜ್ಜಿ ಅರ್ಧ ಕೇಳಿಸಿಕೊಂಡು ಬೇರೇನೋ ಉತ್ತರ ಕೊಡುತ್ತಾಳೆ. ಹಗಲು ಬೇರೆಯವರ ಜಾಹೀರಾತಿಗೆ ಅನಿಮೇಷನ್ ಮಾಡುತ್ತಿದ್ದೆ, ರಾತ್ರಿ ಇದನ್ನು ಬಿಡಿಸುತ್ತಿದ್ದೆ. ನನ್ನದು ಅಂತ ಹೇಳಿಕೊಳ್ಳಲು ಒಂದಾದರೂ ಇರಲಿ ಅನ್ನುವ ಹಸಿವು ಇತ್ತು. ಅದೇ ಹಸಿವು ನಿಮ್ಮ ಪ್ರಶ್ನೆಯಲ್ಲೂ ಕಾಣುತ್ತದೆ.

ಅಜ್ಜಿಗೆ ಚೌಕಳಿ ಶಾಲು ಹೊದಿಸಿದೆ. ಸರಪಳಿ ಕಟ್ಟಿದ ಕನ್ನಡಕವನ್ನು ಕೊರಳಿಗೆ ತೂಗುಹಾಕಿದೆ. ಒಂದೇ ಚಿತ್ರವಾಗಿ ನೋಡಿದರೆ ಎಷ್ಟು ಚೆನ್ನಾಗಿತ್ತು ಅಂದರೆ, ಅದನ್ನೇ ನೋಡುತ್ತಾ ಕೂರುತ್ತಿದ್ದೆ.

ಈಗ ಲೆಕ್ಕ ನೋಡಿ. ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ನೋಟ, ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ, ಅಂದರೆ ಅನಿಮೇಟರ್‌ಗಳು 'ಟೂಸ್' ಅನ್ನುವ ರೀತಿಯಲ್ಲಿ ಮಾಡಿದರೆ, ಸೆಕೆಂಡಿಗೆ 12 ಚಿತ್ರ. ನಿಮಿಷಕ್ಕೆ 720. ಏಳು ನಿಮಿಷದ ಕಂತಿಗೆ 5,040. ಪಾತ್ರ ಎಲ್ಲ ಹೊತ್ತೂ ಅಲುಗಾಡುವುದಿಲ್ಲ, ಹಾಗಾಗಿ ಅರ್ಧ ಕಳೆಯಿರಿ. ಉಳಿದದ್ದು 2,520. ಚೌಕಳಿಯ ಗೆರೆಗಳಿಗೆ ಒಂದು ಚಿತ್ರಕ್ಕೆ ಬರೀ ನಾಲ್ಕು ನಿಮಿಷ ಜಾಸ್ತಿ ಹಿಡಿಯಿತು ಅಂದುಕೊಳ್ಳಿ. 10,080 ನಿಮಿಷ ಆಯಿತು. ಅಂದರೆ 168 ಗಂಟೆ. ಕೆಲಸದಿಂದ ಬಂದ ಮೇಲೆ ದಿನಕ್ಕೆ ಎರಡು ಗಂಟೆ ಸಿಗುವವರಿಗೆ 84 ರಾತ್ರಿ, ಅದೂ ಬರೀ ಶಾಲಿನ ಗೆರೆಗಳಿಗೆ! ಮುಖ, ಕೈ, ತುಟಿ ಚಲನೆ, ಹಿನ್ನೆಲೆ, ಬಣ್ಣ ಯಾವುದೂ ಇದರಲ್ಲಿ ಸೇರಿಲ್ಲ.

ಚೌಕಳಿಯನ್ನು ಒಂದೇ ಸಲ ಬಿಡಿಸಿ ಬಟ್ಟೆಯ ಆಕಾರದೊಳಗೆ ತುಂಬಿಸಿದರಾಯಿತಲ್ವಾ ಅಂತ ನೀವು ಕೇಳಬಹುದು. ಮಾಡಿ ನೋಡಿದೆ. ಅಜ್ಜಿ ಬಾಗುತ್ತಾಳೆ, ಚೌಕಗಳು ಮಾತ್ರ ಇದ್ದಲ್ಲೇ ಇರುತ್ತವೆ. ಶಾಲಿನ ಆಕಾರದಲ್ಲಿ ಕಿಟಕಿ ಕೊರೆದು, ಅದರ ಹಿಂದೆ ಚೌಕಳಿ ಕಾಗದ ಇಟ್ಟ ಹಾಗೆ ಕಾಣುತ್ತದೆ. ಹಾಗಾಗಿ ಕೈಯಲ್ಲೇ ಬಿಡಿಸಿದೆ.

ಒಂದು ದೃಶ್ಯ ಹೇಳುತ್ತೇನೆ. ಅಜ್ಜಿ ಒಂದು ಕೈಗಡಿಯಾರವನ್ನು ದೀಪದ ಹತ್ತಿರ ಹಿಡಿದು ನೋಡುತ್ತಾಳೆ. ಬಲಭುಜ ಏಳುತ್ತದೆ, ಶಾಲು ಎಡಕ್ಕೆ ಜಾರುತ್ತದೆ. ಅವಳು ಗಡಿಯಾರದಿಂದ ಕಣ್ಣು ತೆಗೆಯದೆ ಎಡಗೈಯಲ್ಲಿ ಶಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಾಳೆ. ಜಾರುವಾಗ ಚೌಕಗಳು ಓರೆಯಾಗಬೇಕು, ಮಡಿಕೆಯೊಳಗೆ ಅರ್ಧ ಮರೆಯಾಗಬೇಕು, ಎಳೆದಾಗ ಮತ್ತೆ ನೆಟ್ಟಗಾಗಬೇಕು. ಮೈ ನಿಂತ ಮೇಲೂ ಕೊರಳಿನ ಕನ್ನಡಕ ಎರಡು ಸಲ ತೂಗಿ ನಿಲ್ಲಬೇಕು. ನಾಲ್ಕು ಸೆಕೆಂಡಿನ ದೃಶ್ಯ, 48 ಚಿತ್ರ. ಅದರಲ್ಲಿ ಒಂದರಲ್ಲಿ ಗೆರೆ ಸ್ವಲ್ಪ ಆಚೀಚೆ ಆದರೂ ಓಡಿಸಿ ನೋಡುವಾಗ ಇಡೀ ಶಾಲು ನಡುಗುತ್ತದೆ. ಆ ಒಂದು ಚಿತ್ರ ಯಾವುದು ಅಂತ ಹುಡುಕುವುದರಲ್ಲೇ ರಾತ್ರಿ ಕಳೆಯುತ್ತಿತ್ತು.

ಕಂತು ಹೊರಗೆ ಬಂತು. ಜನಕ್ಕೆ ಇಷ್ಟವಾಯಿತು. ಆ ಶಾಲಿನ ದೃಶ್ಯವನ್ನೇ ಕತ್ತರಿಸಿ ಹಂಚಿಕೊಂಡವರಿದ್ದರು. ಮುಂದಿನದು ಯಾವಾಗ ಅಂತ ಎಲ್ಲರದೂ ಒಂದೇ ಪ್ರಶ್ನೆ.

ಎರಡನೇ ಕಂತಿನ ಮಾತು ರೆಕಾರ್ಡ್ ಆಗಿತ್ತು. ದೃಶ್ಯಗಳನ್ನು ಸಾಲಾಗಿ ಗೀಚಿಡುವ ಸ್ಟೋರಿಬೋರ್ಡ್ ಆಗಿತ್ತು. ಅದನ್ನು ಧ್ವನಿಯ ಜೊತೆ ಜೋಡಿಸಿದ ಅನಿಮ್ಯಾಟಿಕ್ ಕೂಡ ಇತ್ತು. ಉಳಿದದ್ದು ಚಿತ್ರ ಬಿಡಿಸುವುದು ಮಾತ್ರ, ಮತ್ತು ಅದೇ ಮುಗಿಯುತ್ತಿರಲಿಲ್ಲ. ಆಗ ನಾನು ಮಾಡಿದ ತಪ್ಪನ್ನು ಪೂರ್ತಿ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅಲ್ಲಿಗೇ ಹೋಗುತ್ತಿದ್ದೀರಿ. ಮೊದಲ ಕಂತಿನಲ್ಲಿ ಶಾಲು ಹೊದಿಸಿದ್ದು ಅಷ್ಟು ದೊಡ್ಡ ವಿಷಯವೇನಲ್ಲ. ಅನುಭವ ಇಲ್ಲದಾಗ ಎಲ್ಲರೂ ಅಷ್ಟು ಮಾಡುತ್ತಾರೆ. ಎರಡನೇ ಕಂತಿನಲ್ಲೂ ಅದನ್ನು ತೆಗೆಯಲಿಲ್ಲ ನೋಡಿ, ಅದಕ್ಕೇ ನಾನು ಬೆಲೆ ಕೊಟ್ಟಿದ್ದು. ತೆಗೆಯುವುದು ಕಷ್ಟವೇ ಇರಲಿಲ್ಲ. ಶಾಲನ್ನು ಕುರ್ಚಿಯ ಬೆನ್ನಿಗೆ ಹಾಕಿ, 'ಇವತ್ತು ಸೆಕೆ' ಅಂತ ಅಜ್ಜಿಯ ಬಾಯಲ್ಲಿ ಒಂದು ಮಾತು ಹೇಳಿಸಿದ್ದರೆ ಮುಗಿದಿತ್ತು. ಹೇಳಿಸಲಿಲ್ಲ. ಜನ ಹೊಗಳಿದ್ದೇ ಆ ಶಾಲನ್ನು, ಅದನ್ನೇ ತೆಗೆದರೆ ಮೋಸ ಮಾಡಿದ ಹಾಗೆ ಅನ್ನಿಸಿತು. ಉಳಿತಾಯದ ದುಡ್ಡು ಹಾಕಿ, ಮುಖ್ಯ ಭಂಗಿಗಳ ಮಧ್ಯದ ಚಿತ್ರಗಳನ್ನು ಬಿಡಿಸಲು ಒಬ್ಬರನ್ನು ಹಿಡಿದೆ. ಪಾಪ, ಅವರು ಶ್ರದ್ಧೆಯಿಂದಲೇ ಮಾಡಿದರು. ಆದರೆ ಮಡಿಕೆ ಎಲ್ಲಿ ಬೀಳುತ್ತದೆ, ಗೆರೆ ಎಲ್ಲಿ ಮರೆಯಾಗುತ್ತದೆ ಅನ್ನುವುದು ನನ್ನ ಕೈಗೆ ಮಾತ್ರ ಗೊತ್ತಿತ್ತು. ಅವರ ಚಿತ್ರ ತಿದ್ದಲು ನಾನೇ ಬಿಡಿಸುವಷ್ಟು ಹೊತ್ತು ಹಿಡಿಯಿತು. ದುಡ್ಡು ಖಾಲಿಯಾಯಿತು. ಕಂತು ಹೊರಬರುವ ಹೊತ್ತಿಗೆ ಕಾಯುತ್ತಿದ್ದವರು ಬೇರೆ ಕಡೆ ಹೋಗಿದ್ದರು. ಹೊಸದಾಗಿ ಬಂದವರಿಗೆ ತಲೆಬುಡ ಅರ್ಥವಾಗಲಿಲ್ಲ, ಯಾಕೆಂದರೆ ಅದು ಮೊದಲ ಕಂತಿನ ಮುಂದುವರಿಕೆ. ಮೂರನೆಯದು ಬರಲೇ ಇಲ್ಲ.

ಬೇಸರ ಏನೆಂದರೆ, ಇದಕ್ಕೆ ಉಪಾಯ ಹಿಂದಿನವರು ಎಂದೋ ಕಂಡುಕೊಂಡಿದ್ದರು. ನಾನೂ ಓದಿದ್ದೆ. 1958ರಲ್ಲಿ ಅಮೆರಿಕದ ಟಿವಿಗೆ ಬಂದ ಯೋಗಿ ಕರಡಿಯನ್ನು ನೆನಪಿಸಿಕೊಳ್ಳಿ. ಮೈಮೇಲೆ ಬಟ್ಟೆಯಿಲ್ಲದ ಕರಡಿಯ ಕೊರಳಿಗೆ ಕಾಲರ್ ಮತ್ತು ಟೈ ಯಾಕೆ? ಅದನ್ನು ಮಾಡಿದ ಹ್ಯಾನಾ-ಬಾರ್ಬೆರಾ ಸ್ಟುಡಿಯೋದವರು ಮೈಯನ್ನು ಒಂದು ಹಾಳೆಯಲ್ಲಿ ನಿಲ್ಲಿಸಿ ತಲೆಯನ್ನು ಮಾತ್ರ ಬೇರೆ ಹಾಳೆಯಲ್ಲಿ ಅಲುಗಾಡಿಸುತ್ತಿದ್ದರು. ತಲೆ ಮೈ ಕೂಡುವ ಜಾಗವನ್ನು ಕಾಲರ್ ಮುಚ್ಚುತ್ತಿತ್ತು. 1963ರಲ್ಲಿ ಜಪಾನಿನಲ್ಲಿ ಕಾರ್ಟೂನ್ ಕಲಾವಿದ ಒಸಾಮು ತೆಜುಕಾ ಟಿವಿಗೆ ವಾರಕ್ಕೊಂದು ಕಂತು ಕೊಡಲು ಹೊರಟಾಗ ಒಂದು ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸುತ್ತಿದ್ದರು. ಒಮ್ಮೆ ಬಿಡಿಸಿದ್ದನ್ನು ಎತ್ತಿಟ್ಟು ಬೇರೆ ಕಂತಿನಲ್ಲೂ ಬಳಸುತ್ತಿದ್ದರು. ನಾನು ಇದನ್ನೆಲ್ಲ ಓದಿ, ಟಿವಿಯವರ ದುಡ್ಡು ಉಳಿಸುವ ಆಟ ಅಂದುಕೊಂಡು ಪಕ್ಕಕ್ಕಿಟ್ಟಿದ್ದೆ. ಇವತ್ತು ಆ ಕಾಲರ್ ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತದೆ.

ಕೆಲವು ಕಾಲ ಏನೂ ಬಿಡಿಸಲಿಲ್ಲ. ಆಮೇಲೆ ಒಂದು ದಿನ ಸುಮ್ನೆ ಹಲ್ಲಿಯನ್ನು ಮಾತ್ರ ಬಿಡಿಸಿದೆ. ಬಟ್ಟೆಯಿಲ್ಲ, ಕೂದಲಿಲ್ಲ. ಬೆನ್ನಿಗೊಂದು ಗೆರೆ, ಹೊಟ್ಟೆಗೊಂದು ಗೆರೆ, ಎರಡು ಕಣ್ಣು. ಅಜ್ಜಿ ಬೇಕಲ್ಲ ಅಂತ ಚೌಕಟ್ಟಿನ ಪಕ್ಕದಿಂದ ಅವಳ ಒಂದು ಕೈ ತಂದೆ. ಬರೀ ಕೈ. ಸಣ್ಣ ಚಿಮಟ ಹಿಡಿದ, ಗಂಟುಬಿದ್ದ ಬೆರಳುಗಳ ಕೈ. ಅವಳ ಧ್ವನಿ ಮೇಲಿನಿಂದ ಕೇಳುತ್ತದೆ. ಹಲ್ಲಿ ಕತ್ತೆತ್ತಿ ಅವಳ ಮುಖ ನೋಡುತ್ತದೆ, ನಮಗೆ ಮುಖ ಕಾಣುವುದಿಲ್ಲ. ತುಟಿ ಚಲನೆಯ ಕೆಲಸ ಅರ್ಧಕ್ಕೆ ಇಳಿಯಿತು, ಶಾಲಿನ ಗೋಳೇ ತಪ್ಪಿತು. ನಾನು ಎಣಿಸಿರದ ಇನ್ನೊಂದೂ ಆಯಿತು. ಲೋಕ ಹಲ್ಲಿಯ ಎತ್ತರದಿಂದ ಕಾಣತೊಡಗಿತು. ಗಡಿಯಾರದ ಚಕ್ರ ಬಂಡಿಯ ಗಾಲಿಯಷ್ಟು ದೊಡ್ಡದಾಯಿತು. ಆ ಸರಣಿ ಇವತ್ತಿಗೂ ನಡೆಯುತ್ತಿದೆ. ಒಂದೊಂದು ಕಂತು ಒಂದೂವರೆ ನಿಮಿಷ. ಯಾವುದನ್ನು ಮೊದಲು ನೋಡಿದರೂ ಅರ್ಥವಾಗುತ್ತದೆ.

ಈಗ ನಿಮ್ಮ ವಿಷಯ. ಯೂಟ್ಯೂಬೋ ಸ್ಟುಡಿಯೋನೋ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲ ಕಂತನ್ನು ಎಲ್ಲಿಗೆ ಬೇಕಾದರೂ ಹಾಕಬಹುದು. ಎರಡನೆಯದನ್ನು ಅದೇ ಕೈಯಿಂದ, ಅದೇ ದುಡ್ಡಿನಲ್ಲಿ, ಜನ ಮರೆಯುವ ಮೊದಲು ಮಾಡಲು ನಿಮ್ಮಿಂದ ಆಗುತ್ತದಾ? ಅದನ್ನು ತಿಳಿದುಕೊಳ್ಳಿ. ತಿಳಿಯಲು ದಾರಿ ಇದೆ. ಹತ್ತು ಕಂತಿನಲ್ಲಿ ಅತಿ ಕಷ್ಟದ ಇಪ್ಪತ್ತು ಸೆಕೆಂಡು ಆರಿಸಿ. ಬಣ್ಣ, ಧ್ವನಿ ಸಮೇತ ಪೂರ್ತಿ ಮುಗಿಸಿ. ಎಷ್ಟು ಗಂಟೆ ಹಿಡಿಯಿತು ಅಂತ ಬರೆದಿಡಿ. ಅದನ್ನು ಮೂರರಿಂದ ಗುಣಿಸಿದರೆ ಒಂದು ನಿಮಿಷದ ಖರ್ಚು ಸಿಗುತ್ತದೆ. ಆ ಸಂಖ್ಯೆ ನೋಡಿ ಕಥೆ ತಿದ್ದಿ. ಕಥೆ ನೋಡಿ ಸಂಖ್ಯೆಯನ್ನು ತಿದ್ದಲು ಹೋಗಬೇಡಿ.

ಕವಚ ಇರಲಿ. ಅದು ನಿಮ್ಮ ಅದೃಷ್ಟ. ಗಟ್ಟಿ ತಗಡು ಮಡಿಯುವುದಿಲ್ಲ, ಕೀಲುಗಳನ್ನು ಮುಚ್ಚುತ್ತದೆ, ಕೈಕಾಲುಗಳನ್ನು ಬಿಡಿ ತುಂಡುಗಳಾಗಿ ಜೋಡಿಸಿ ಅಲುಗಾಡಿಸುವ ಕಟ್-ಔಟ್ ರಿಗ್‌ಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಮೇಲಂಗಿ ಮಾತ್ರ ಕಂತಿಗೆ ಒಂದೇ ಸಲ ಹಾರಲಿ. ಉಳಿದ ಹೊತ್ತು ಬೆನ್ನಿಗೆ ಅಂಟಿಕೊಂಡಿರಲಿ. ಹಾಗೆ ಮಾಡಿದರೆ ಅದು ಹಾರುವ ಹೊತ್ತಿಗೆ ನೋಡುವವರು ಎದ್ದು ಕೂರುತ್ತಾರೆ. ಆರು ಗೆಳೆಯರಲ್ಲಿ ಇಬ್ಬರನ್ನು ಈಗ ಕರೆತನ್ನಿ, ಉಳಿದವರು ಆಮೇಲೆ ಬರಲಿ. ಹತ್ತು ಕಂತಿನ ಉದ್ದ ಕಥೆಯನ್ನು ಬಿಡಿ ಕಥೆಗಳಾಗಿ ಒಡೆಯಿರಿ. ಇದನ್ನು ಕೇಳಲು ನಿಮಗೆ ಸಂಕಟ ಆಗುತ್ತದೆ, ಗೊತ್ತು. ಆದರೂ ಒಡೆಯಿರಿ.

ಸಾಫ್ಟ್‌ವೇರ್ ಯಾವುದು ಅಂತಲೂ ಕೇಳಿದ್ದೀರಿ. ಕ್ರಿಟಾ, ಬ್ಲೆಂಡರ್, 2016ರಿಂದ ಉಚಿತವಾಗಿ ಸಿಗುತ್ತಿರುವ ಓಪನ್‌ಟೂನ್ಜ್, ಯಾವುದಾದರೂ ಸಾಕು. ಇದರ ಮೇಲೆ ಒಂದು ವಾರಕ್ಕಿಂತ ಜಾಸ್ತಿ ಯೋಚಿಸಬೇಡಿ. ದುಡ್ಡಿದ್ದರೆ ಒಳ್ಳೆಯ ಮೈಕ್ ತಗೊಳ್ಳಿ. ಚಿತ್ರ ಅಲುಗಾಡದೆ ನಿಂತರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಯೂಟ್ಯೂಬ್‌ಗೆ ಹಾಕಿ, ಆದರೆ ಎರಡು ವಿಷಯ ಗೊತ್ತಿರಲಿ. ಅಪ್‌ಲೋಡ್ ಮಾಡುವಾಗ ಇದು ಮಕ್ಕಳಿಗಾಗಿ ಮಾಡಿದ್ದಾ ಅಂತ ಕೇಳುತ್ತದೆ. ಕಾರ್ಟೂನ್ ಅಂದಮೇಲೆ ಮಕ್ಕಳಿಗೇ ಅಲ್ವಾ ಅಂತ ಯೋಚಿಸದೆ ಹೌದು ಅನ್ನಬೇಡಿ. 2020ರ ಜನವರಿಯಿಂದ ಹಾಗೆ ಗುರುತಿಸಿದ ವಿಡಿಯೋಗೆ ಕಾಮೆಂಟ್ ಇರುವುದಿಲ್ಲ, ನೋಡುಗರ ಆಸಕ್ತಿ ನೋಡಿ ತೋರಿಸುವ ಜಾಹೀರಾತೂ ಇರುವುದಿಲ್ಲ. ನಿಜವಾಗಿಯೂ ಮಕ್ಕಳಿಗಾಗಿಯೇ ಮಾಡಿದ್ದರೆ ಹೌದು ಅನ್ನಲೇಬೇಕು, ಅದು ಕಾನೂನಿನ ಮಾತು. ನಿಮ್ಮ ಯುದ್ಧದ ಕಥೆ ದೊಡ್ಡವರಿಗೆ ಅನ್ನುವುದಾದರೆ ಬರೆಯುವಾಗಲೇ ಹಾಗೆ ಬರೆಯಿರಿ. ಎರಡನೆಯದು ಜಾಹೀರಾತಿನ ದುಡ್ಡು. ಅದರಲ್ಲಿ ಪಾಲು ಸಿಗಬೇಕಾದರೆ 1,000 ಚಂದಾದಾರರು ಮತ್ತು ಹನ್ನೆರಡು ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆ ಬೇಕು. ಆ 4,000 ಗಂಟೆ ಇಲ್ಲದಿದ್ದರೆ ಅದರ ಬದಲು ಶಾರ್ಟ್ಸ್‌ನಲ್ಲಿ 90 ದಿನಕ್ಕೆ ಒಂದು ಕೋಟಿ ವೀಕ್ಷಣೆ. ಏಳು ನಿಮಿಷದ ಒಂದೇ ಕಂತಿನಿಂದ 4,000 ಗಂಟೆ ಆಗಬೇಕಾದರೆ ಅದನ್ನು ಸುಮಾರು 34,000 ಸಲ ಕೊನೆತನಕ ನೋಡಬೇಕು. ಕೊನೆತನಕ ಎಲ್ಲರೂ ನೋಡುವುದಿಲ್ಲ. ಅದಕ್ಕೇ ಕೆಲಸ ಬಿಡಬೇಡಿ ಅನ್ನುತ್ತಿದ್ದೇನೆ. ಮೂರು ಕಂತು ಹೊರಗೆ ಬರಲಿ, ನಾಲ್ಕನೆಯದು ಅರ್ಧ ಆಗಿರಲಿ. ಕೆಲಸದ ಮಾತು ಆಗ.

ಸ್ಟುಡಿಯೋಗೆ ಬರೀ ಹತ್ತು ಕಂತಿನ ಸ್ಕ್ರಿಪ್ಟ್ ತೆಗೆದುಕೊಂಡು ಹೋದರೆ ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ. ಮೂರು ಮುಗಿದ ಕಂತು ಇದ್ದರೆ ಅವರೇ ಕರೆಯುವ ಸಾಧ್ಯತೆ ಇದೆ. ಕರೆದಾಗ ಒಪ್ಪಂದದಲ್ಲಿ ಪಾತ್ರದ ಹಕ್ಕು ಯಾರಿಗೆ, ಎಷ್ಟು ವರ್ಷಕ್ಕೆ, ಅವರು ಏನೂ ಮಾಡದಿದ್ದರೆ ಹಕ್ಕು ನಿಮಗೆ ವಾಪಸ್ ಬರುತ್ತದಾ, ಈ ಮೂರನ್ನು ವಕೀಲರ ಹತ್ತಿರ ಓದಿಸಿ. ಹಾಗೇ, ಧ್ವನಿ ಕೊಡುವ ಗೆಳೆಯರ ಹತ್ತಿರ, ಸಂಗೀತ ಮಾಡಿಕೊಡುವವರ ಹತ್ತಿರ ಇವತ್ತೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಯಾವ ಕೆಲಸ, ಎಷ್ಟು ದುಡ್ಡು, ಎಲ್ಲೆಲ್ಲಿ ಬಳಸಬಹುದು ಅಂತ. ಗೆಳೆತನ ಚೆನ್ನಾಗಿರುವಾಗಲೇ ಆ ಸಹಿ ಆಗಿಹೋಗಬೇಕು.

ಇಪ್ಪತ್ತು ಸೆಕೆಂಡು ಮುಗಿದ ಮೇಲೆ ಗಂಟೆಯ ಲೆಕ್ಕ ಇಲ್ಲೇ ಬರೆಯಿರಿ. ಯಾವ ಗೆರೆ ತೆಗೆಯಬಹುದು ಅಂತ ಒಟ್ಟಿಗೆ ನೋಡೋಣ.