ಪ್ರತಿಕ್ರಿಯೆ: ಹಣ ಕೊಟ್ಟರೆ ಜನ ಆಡಲು ಬರುತ್ತಾರೆಯೇ?

ಸರ್ಕಾರ ಕ್ರೀಡೆಗೆ ಅನುದಾನ ಹೆಚ್ಚಿಸಿದರೆ ಸಾಮಾನ್ಯ ಜನ ನಿಜವಾಗಿಯೂ ಮೈದಾನಕ್ಕೆ ಇಳಿಯುತ್ತಾರೆಯೇ ಎಂದು ಕೇಳಿದ್ದೀರಿ. ಇಳಿಯುತ್ತಾರೆ, ಆದರೆ ಹಣ ಯಾವ ಕಾಲುವೆಯಲ್ಲಿ ಹರಿಯುತ್ತದೆ ಎಂಬುದು ಮುಖ್ಯ.

ಪದಕ ಬಂದರೆ ಜನ ತಾವಾಗಿಯೇ ಆಡಲು ಶುರುಮಾಡುತ್ತಾರೆ ಎಂಬ ವಾದವನ್ನು ನಾನು ನಂಬುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ಗೆ ಮುನ್ನ ಬ್ರಿಟನ್ ಇಂಥದ್ದೇ ಭರವಸೆ ಕೊಟ್ಟಿತ್ತು. ನಿರೀಕ್ಷಿಸಿದಷ್ಟು ಫಲ ಸಿಗಲಿಲ್ಲ. ಟಿವಿ ಮುಂದೆ ಚಪ್ಪಾಳೆ ತಟ್ಟಲು ಬೂಟು ಬೇಕಿಲ್ಲವಲ್ಲ!

ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್ ಬೇರೆ ದಾರಿ ಹಿಡಿಯಿತು. ಅಲ್ಲಿನ ನಗರಾಡಳಿತ 6ರಿಂದ 18 ವರ್ಷದ ಪ್ರತಿಯೊಬ್ಬರಿಗೂ ವರ್ಷಕ್ಕೆ ನಿಗದಿತ ಮೊತ್ತ ಮೀಸಲಿಡುತ್ತದೆ. ಅದು ನಗದಾಗಿ ಕೈಸೇರದೆ, ಕ್ರೀಡೆ, ಸಂಗೀತ ಮುಂತಾದ ತರಬೇತಿಯ ಶುಲ್ಕದಲ್ಲೇ ಕಡಿತವಾಗುತ್ತದೆ. ಯಾವ ಆಟ ಎಂಬ ಆಯ್ಕೆ ಮನೆಯವರದು. ಆದರೂ ಶುಲ್ಕದ ಉಳಿದ ಭಾಗ, ಸಮವಸ್ತ್ರ, ಓಡಾಟದ ಖರ್ಚು ಬಡವರಿಗೆ ಭಾರವೇ. ಎಲ್ಲರಿಗೂ ಸಮನಾಗಿ ಹಂಚಿದ್ದು ಎಲ್ಲರಿಗೂ ಸಮನಾಗಿ ಮುಟ್ಟುವುದಿಲ್ಲ. ಹಣ ಹರಿಯುವ ಇನ್ನೊಂದು ಕಾಲುವೆ ನಾರ್ವೆಯದು: ಅಲ್ಲಿ ಸರ್ಕಾರಿ ಲಾಟರಿ ಸಂಸ್ಥೆಯ ಲಾಭದ ಪಾಲು ಕ್ರೀಡಾಂಗಣಗಳ ನಿರ್ಮಾಣಕ್ಕೆ ಹೋಗುತ್ತದೆ.

ಹಣವೊಂದೇ ಅಡ್ಡಿಯಲ್ಲ. ಇಂಗ್ಲೆಂಡಿನಲ್ಲಿ 2015ರಲ್ಲಿ ಆರಂಭವಾದ ‘ದಿಸ್ ಗರ್ಲ್ ಕ್ಯಾನ್’ (ಈ ಹುಡುಗಿಗೆ ಸಾಧ್ಯ) ಪ್ರಚಾರ, ಆಟ-ವ್ಯಾಯಾಮಕ್ಕೆ ಇಳಿದರೆ ನೋಡುವವರು ಏನಂದುಕೊಳ್ಳುತ್ತಾರೋ ಎಂಬ ಮಹಿಳೆಯರ ಅಳುಕನ್ನೇ ಗುರಿಯಾಗಿಸಿಕೊಂಡಿತು.

ನಿಮ್ಮ ಸ್ಥಳೀಯ ಸಂಸ್ಥೆಯ ಬಜೆಟ್ ನೋಡುವಾಗ ಕಟ್ಟಡದ ಮೊತ್ತಕ್ಕೆ ಮರುಳಾಗಬೇಡಿ. ದೀಪ, ಶೌಚಾಲಯ, ತರಬೇತುದಾರರ ಸಂಬಳ, ಸಂಜೆ ಬಾಗಿಲು ತೆರೆಯುವ ಸಿಬ್ಬಂದಿ, ಇವುಗಳಿಗೆ ಪ್ರತಿವರ್ಷ ಎಷ್ಟಿದೆ ಎಂದು ಮೊದಲು ಹುಡುಕಿ.