ಯೂರಿಯಾ ನಿಲ್ಲಿಸಿದಿರಿ, ಬದಲಿಗೆ ಏನು ಕೊಟ್ಟಿರಿ?

ತುಮಕೂರು ಜಿಲ್ಲೆಯ ಓದುಗರೊಬ್ಬರ ಪತ್ರ: "ಎರಡು ಎಕರೆ ಖುಷ್ಕಿಯಲ್ಲಿ ರಾಗಿ ಬೆಳೆಯುತ್ತೇವೆ. ಎರಡು ವರ್ಷದಿಂದ ಸೀಮೆ ಗೊಬ್ಬರ ನಿಲ್ಲಿಸಿದ್ದೇವೆ. ಮನೆಯಲ್ಲಿರುವುದು ಒಂದೇ ಹಸು. ಇಳುವರಿ ಇಳಿಯುತ್ತಲೇ ಇದೆ. ಯೂರಿಯಾ ಹಾಕಿದ ಪಕ್ಕದ ಹೊಲದವರಿಗೆ ಚೆನ್ನಾಗಿ ಬಂದಿದೆ. ಸಾವಯವದಲ್ಲೂ ಅಷ್ಟೇ ಬೆಳೆ ಬರುತ್ತದೆ ಎನ್ನುವುದು ನಿಜವೇ?"

ಮಾನ್ಯರೇ,

ಆ ಒಂದು ಹಸುವಿನ ಮಾತಿನಿಂದಲೇ ಶುರು ಮಾಡುತ್ತೇನೆ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕದ ಶಿಫಾರಸು ಇದೆ, ಅಂದರೆ ಎಕರೆಗೆ 20 ಕಿಲೋ. 45 ಕಿಲೋದ ಒಂದು ಮೂಟೆ ಯೂರಿಯಾದಲ್ಲಿ ಅಷ್ಟು ಸಿಕ್ಕಿಬಿಡುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರು ಕಿಲೋಗೆ ಅರ್ಧ ಕಿಲೋದ ಆಸುಪಾಸು. ಹಾಗಾಗಿ ಎಕರೆಗೆ 4 ಟನ್ ಬೇಕು, ಅದೂ ಪೂರ್ತಿ ಮೊದಲ ಬೆಳೆಗೇ ದಕ್ಕುವುದಿಲ್ಲ. ನಿಮ್ಮ ಎರಡು ಎಕರೆಗೆ 8 ಟನ್. ಒಂದು ಹಸುವಿನ ತಿಪ್ಪೆಯಿಂದ ಅಷ್ಟು ಹುಟ್ಟುವುದಿಲ್ಲ. ಯೂರಿಯಾ ನಿಂತಿತು, ಅದರ ಜಾಗಕ್ಕೆ ಸಾಕಷ್ಟು ಬೇರೇನೂ ಬರಲಿಲ್ಲ. ಇದನ್ನು ಸಾವಯವ ಎಂದು ಪಕ್ಕದ ಹೊಲದ ಜೊತೆ ಹೋಲಿಸುವುದು ಸರಿಯಲ್ಲ.

ಸರಿಯಾಗಿ ಗೊಬ್ಬರ ಕೊಟ್ಟರೆ? ಸ್ವಿಟ್ಜರ್ಲೆಂಡಿನ ಥೆರ್ವಿಲ್‌ನಲ್ಲಿ 1978ರಿಂದ ಎರಡೂ ಪದ್ಧತಿಯನ್ನು ಅಕ್ಕಪಕ್ಕದಲ್ಲೇ ನಡೆಸುತ್ತಿದ್ದಾರೆ. 21 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು: ಸಾವಯವದ ಇಳುವರಿ ಸರಾಸರಿ ಶೇ. 20 ಕಡಿಮೆ, ಆದರೆ ಪೋಷಕಾಂಶದ ಬಳಕೆ ಶೇ. 34ರಿಂದ 53ರಷ್ಟು ಕಡಿಮೆ. ಸಮ ಇಳುವರಿ ಗ್ಯಾರಂಟಿ ಎಂದು ವೇದಿಕೆಯ ಮೇಲಿಂದ ಯಾರು ಹೇಳಿದರೂ ನಂಬಬೇಡಿ.

ಪಕ್ಕದ ಹೊಲವನ್ನು ಕಂಡು ಆಸೆಪಡುವುದೂ ಬೇಡ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಯ ಕೆಂಪು ಮಣ್ಣಿನಲ್ಲೂ ಅದೇ 1978ರಿಂದ ಮಳೆಯಾಶ್ರಿತ ರಾಗಿಯ ಪ್ರಯೋಗ ನಡೆದಿದೆ. ನಿಮ್ಮ ಕಡೆಯ ಬೇಸಾಯಕ್ಕೆ ಹತ್ತಿರವಾದದ್ದು ಇದೇ. ಬರೀ ಎನ್‌ಪಿಕೆ, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಕೊಡುವ ರಾಸಾಯನಿಕ ಗೊಬ್ಬರ ಹಾಕಿದ ತಾಕುಗಳಲ್ಲಿ ವರ್ಷ ಕಳೆದಂತೆ ಇಳುವರಿ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಎನ್‌ಪಿಕೆ ಸೇರಿಸಿದ ತಾಕು ಎಲ್ಲಕ್ಕಿಂತ ಮುಂದೆ ನಿಂತಿತು. ಕೆಂಪು ಮಣ್ಣಿನಲ್ಲಿ ಮೊದಲೇ ಕಸುವು ಕಡಿಮೆ, ನೀರು ಹಿಡಿಯುವ ಶಕ್ತಿ ಕಡಿಮೆ. ಬರೀ ಯೂರಿಯಾ ವರ್ಷಗಟ್ಟಲೆ ಬಿದ್ದರೆ ಹುಳಿಯೂ ಏರುತ್ತದೆ.

ಹಾಗಾಗಿ ಎರಡು ಎಕರೆಯನ್ನೂ ಒಟ್ಟಿಗೆ ಸಾವಯವಕ್ಕೆ ತರಬೇಡಿ. ಇರುವ ಗೊಬ್ಬರವನ್ನೆಲ್ಲ ಒಂದು ಎಕರೆಗೆ ಹಾಕಿ. ಇನ್ನೊಂದಕ್ಕೆ ಮುಂಗಾರಿನ ಮೊದಲ ಮಳೆಗೇ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿ, ಅರ್ಧ ಪ್ರಮಾಣದ ಎನ್‌ಪಿಕೆ ಮತ್ತೆ ಶುರು ಮಾಡಿ. ಬದುವಿನ ತುಂಬ ಹಸಿರೆಲೆ ಗೊಬ್ಬರದ ಗಿಡವಾದ ಗ್ಲಿರಿಸಿಡಿಯಾ ನೆಡಿ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಇರಲಿ.

ನನಗೆ ಸಿಟ್ಟು ಬರುವುದು ಬೆಲೆಯ ವಿಷಯದಲ್ಲಿ. ವಾರ್ಷಿಕ ಬೆಳೆಗೆ ಸಾವಯವ ಪ್ರಮಾಣಪತ್ರ ಸಿಗಲು ಸಾಮಾನ್ಯವಾಗಿ ಎರಡು ವರ್ಷದ ಪರಿವರ್ತನಾ ಅವಧಿ ದಾಟಬೇಕು. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಂತೂ ಯಾವ ರಾಗಿಗೂ ದರ ಒಂದೇ. ಇಳುವರಿ ಇಳಿದ ನಷ್ಟವನ್ನು ರೈತ ಒಬ್ಬನೇ ಹೊರಬೇಕು. ಶ್ರೀಲಂಕಾ 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿ, ನವೆಂಬರ್‌ನಲ್ಲಿ ಹಿಂದೆ ಸರಿಯಿತು. ಒಂದು ಸರ್ಕಾರಕ್ಕೇ ತಾಳಲಾಗದ ಹೊಡೆತವನ್ನು ಎರಡು ಎಕರೆಯ ಮನೆ ತಾಳಲಿ ಎನ್ನುವುದು ಅನ್ಯಾಯ.

ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ, ಎರಡನೇ ಎಕರೆಯ ಎನ್‌ಪಿಕೆಯನ್ನು ಸದ್ಯಕ್ಕೆ ಬಿಡಬೇಡಿ.

— ಸಂಪಾದಕ